ಸೊಲ್ಲಾಪುರದ ಕರಿ

“ನಿಮ್ಮ ಉದ್ಯೋಗ ಏನು?” ಎಂದು ದಾವಲಮಲಿಕ ಮತ್ತೊಮ್ಮೆ ಕೇಳಿದ.

“ಮನಿಗೆಲಸ ಮಾಡ್ತೇನ್ರಿ,” ಎಂದಳು ಜೈತುನಬಿ.

“ಬಣ್ಣದ ಕೆಲಸ?”

“ಅದು ನನಗ ತಿಳೀದ್ರಿ. ಒಲಿ ಹೊತ್ತಸ್ತೇನಿ, ನೀರು ಕಾಸ್ತೇನಿ, ಅಷ್ಟ.”

ಇದನ್ನು ಹೇಳುವಾಗ ಅವಳು ಕುದಿಯುವ ಹಂಡೆಯ ಮುಂದೆ ನಿಂತು ನೂಲಿನ ಲಡಿಗಳನ್ನು ಕೋಲಿನ ಮೇಲೆ ತಿರುವಿ ಹಾಕುತ್ತಿದ್ದಳು. ಮುಂಗೈ ಎರಡೂ ಗಿಣಿಹಸಿರಾಗಿದ್ದವು. ದಾವಲಮಲಿಕ ಆ ಕೈ ನೋಡಿದ, ಅವಳ ಮುಖ ನೋಡಿದ, ನಕ್ಕುಬಿಟ್ಟ. ಅವಳಿಗೂ ನಗೆ ಬಂತು. ಮದುವೆಯಾಗಿ ಇಷ್ಟು ವರ್ಷಗಳ ಮೇಲೆ ಗಂಡ ತನ್ನನ್ನು ‘ನಿಮ್ಮ’ ಎಂದು ಕರೆದದ್ದಕ್ಕೆ ಒಂದು ನಗೆ, ತಾನು ಅವನಿಗೆ ವಕೀಲರ ಮುಂದೆ ಉತ್ತರ ಕೊಡುವಂತೆ ಕೊಟ್ಟದ್ದಕ್ಕೆ ಇನ್ನೊಂದು. ಕೋರ್ಟಿನ ಮಾತನ್ನು ಅವರಿಬ್ಬರೂ ಹೀಗೆ ಒಲೆಯ ಮುಂದೆ ಕಲಿತರು. ಅವನು ತಪ್ಪಿದಾಗ ಅವಳು ತಿದ್ದುತ್ತಿದ್ದಳು. ಹೆಂಡತಿಗೆ ಬಣ್ಣದ ಗಂಧಗಾಳಿ ಇಲ್ಲ ಎಂದು ಹೇಳಬೇಕಾದ ಕಡೆಗೆಲ್ಲ ಅವನ ನಾಲಗೆ ತೊಡರುತ್ತಿತ್ತು.

ಮುದ್ದೇಬಿಹಾಳದ ಬಣ್ಣಗಾರ ಓಣಿಯಲ್ಲಿ ಆಗ ಬಣ್ಣ ಹಾಕುವ ಮನೆ ಉಳಿದದ್ದು ಅದೊಂದೇ. ಉಳಿದವರು ಕೆಲಸ ಬಿಟ್ಟರೂ ಓಣಿ ಹೆಸರು ಬಿಟ್ಟಿರಲಿಲ್ಲ. ನಾಲತವಾಡದ ನೇಕಾರರು ಬಸ್ಸಿನ ಮೇಲೆ ಬಿಳಿ ನೂಲಿನ ಗಂಟು ಹಾಕಿಕೊಂಡು ಬಂದು, ಕಟ್ಟೆಯ ಮೇಲೆ ಕೂತು, ಚಹಾ ಕುಡಿದು, ಊರ ಸುದ್ದಿ ಎಲ್ಲ ಮುಗಿದ ಮೇಲೆ ಬೇಕಾದ ಬಣ್ಣ ಹೇಳುತ್ತಿದ್ದರು. ಬಣ್ಣಕ್ಕೆ ಆಗ ಮಾದರಿ ಚೀಟಿ ಇರಲಿಲ್ಲ, ನಂಬರಿರಲಿಲ್ಲ. ದಾಳಿಂಬರಿ, ನವಿಲಿನ ಕೊಳ್ಳು, ಹಣ್ಣು ಮೆಣಸಿನಕಾಯಿ, ಜಾಂಬಳಿ. ಹೋದ ವರ್ಷ ನಮ್ಮ ತಂಗಿಯ ಮದುವೆಗೆ ಕೊಟ್ಟಿದ್ದಿರಲ್ಲ, ಅಂಥ ದಾಳಿಂಬರಿ ಎಂದರೆ ಸಾಕಾಗುತ್ತಿತ್ತು. ದಾವಲಮಲಿಕ ಕಟ್ಟೆಯ ಮೇಲೆ ಕೂತು ಹೂಂ ಅನ್ನುತ್ತಿದ್ದ. ಆ ದಾಳಿಂಬರಿ ನೆನಪಿರುತ್ತಿದ್ದದ್ದು ಬಾಗಿಲ ಮರೆಯಲ್ಲಿ ನಿಂತ ಜೈತುನಬಿಗೆ.

ಆ ಕೆಲಸ ಆ ಮನೆಯಲ್ಲಿ ಅತ್ತೆಯಿಂದ ಸೊಸೆಗೆ ಬಂದದ್ದು. ಅತ್ತೆ ಅಬಿದಾ ಇದ್ದಾಗ ಹಿತ್ತಿಲ ಬಾವಿಯ ನೀರು ಬಣ್ಣಕ್ಕೆ ಆಗುತ್ತಿರಲಿಲ್ಲ. ಅದು ಸವಳು. ಆ ನೀರಿನಲ್ಲಿ ಜಾಲಿಸಿದ ಕೆಂಪು ಇಟ್ಟಿಗೆಯ ಪುಡಿಯಂತೆ ಮಂಕಾಗುತ್ತಿತ್ತು. ಊರ ಹೊರಗಿನ ಸಿಹಿನೀರ ಬಾವಿಯಿಂದ ಕೊಡ ಹೊತ್ತು ತಂದು ತಂದು ಅವರಿಬ್ಬರ ನೆತ್ತಿ ಬೋಳಾಗಿತ್ತು. ಪುರಸಭೆಯವರು ಓಣಿಗೆ ಕೊಳವೆ ಹಾಕಿ ಅಂಗಳದಲ್ಲಿ ನಳ ಕೂಡಿಸಿದ ದಿನ ಅಬಿದಾ ಮೊದಲ ನೀರನ್ನು ಬೊಗಸೆಯಲ್ಲಿ ಹಿಡಿದು ಬಾಯಲ್ಲಿ ಹಾಕಿಕೊಂಡು, ನುಂಗದೆ ಸ್ವಲ್ಪ ಹೊತ್ತು ಇಟ್ಟುಕೊಂಡು, ಆಮೇಲೆ ನುಂಗಿ, ಈ ನೀರು ಬಣ್ಣ ಹಿಡಿಯುತ್ತದೆ ಎಂದಿದ್ದಳು. ಆವತ್ತು ಓಣಿಯ ಹೆಂಗಸರೆಲ್ಲ ಅಂಗಳಕ್ಕೆ ಬಂದು ನಳವನ್ನು ಹೊಸ ಸೊಸೆಯನ್ನು ನೋಡಿದ ಹಾಗೆ ನೋಡಿ ಹೋದರು. ಪಕ್ಕದ ಮನೆಯ ಶಂಕ್ರೆವ್ವ ಅಂದಿನಿಂದ ದಿನಾ ಬೆಳಿಗ್ಗೆ ಕುಡಿಯುವ ನೀರಿಗೆ ಕೊಡ ತಂದಿಡುತ್ತಿದ್ದಳು. ಕೊಡ ತುಂಬುವವರೆಗೆ ಇಬ್ಬರೂ ಮಾತಾಡುತ್ತಿದ್ದರು. ಕೊಡ ತುಂಬಿ ಚೆಲ್ಲಿದ ಮೇಲೂ ಒಮ್ಮೊಮ್ಮೆ ಮಾತು ಮುಗಿಯುತ್ತಿರಲಿಲ್ಲ.

ಎಪ್ಪತ್ತೆರಡರ ಬರ ಬಂದು ಹೋದ ಮೇಲೆ ಊರಿಗೆ ನೀರಿನ ಭಯ ಹತ್ತಿತು. ಪುರಸಭೆ ನಳಗಳ ಲೆಕ್ಕ ಮತ್ತೆ ಹಾಕಿತು. ಮನೆಬಳಕೆಗೆ ಒಂದು ದರ, ಕಾರಖಾನೆಗೆ ಅದರ ನಾಲ್ಕು ಪಟ್ಟು ಎಂದು ಠರಾವಾಯಿತು. ಎಣ್ಣೆ ಗಿರಣಿಯವರು, ಬರ್ಫದ ಕಾರಖಾನೆಯವರು ಗೊಣಗುತ್ತಲೇ ಕಟ್ಟಿದರು. ಒಂದು ದಿನ ಪುರಸಭೆಯ ಓವರಸೀಯರ ಬಂದು, ಅಂಗಳದ ಹಂಡೆಗಳನ್ನೂ ಮಾಳಿಗೆಯ ಮೇಲೆ ಒಣಗುತ್ತಿದ್ದ ಲಡಿಗಳನ್ನೂ ನೋಡಿ, ಇದು ಕಾರಖಾನೆ ಎಂದು ಬರೆದುಕೊಂಡು ಹೋದ. ಅವನ ಮಾತಿನಲ್ಲಿ ಸೇಡೇನೂ ಇರಲಿಲ್ಲ. ಚಹಾ ಕುಡಿದೇ ಹೋಗಿದ್ದ. ತಿಂಗಳೊಳಗೆ ನೋಟೀಸು ಬಂತು: ಹೊಸ ದರ ಕಟ್ಟದಿದ್ದರೆ ನಳ ಕಿತ್ತುಕೊಂಡು ಹೋಗುತ್ತಾರೆ.

ಲಡಿಯನ್ನು ಬಣ್ಣದಿಂದ ತೆಗೆದ ಮೇಲೆ ನೀರು ತಿಳಿಯಾಗುವವರೆಗೆ ಜಾಲಿಸಬೇಕು. ಹೊಸ ದರದಲ್ಲಿ ಜಾಲಿಸಿದರೆ ಕೂಲಿಯೆಲ್ಲ ಕೊಳವೆಯ ಪಾಲು. ದಾವಲಮಲಿಕ ನೋಟೀಸು ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಸಂಗಣ್ಣ ವಕೀಲರ ಮನೆಗೆ ಹೋದ. ಸಂಗಣ್ಣ ವಕೀಲರು ಆಗ ಹೊಸಬರು, ಕೇಸಿಗೆ ಹಸಿದವರು. ಎಲ್ಲ ಕೇಳಿಕೊಂಡು ಒಂದೇ ಪ್ರಶ್ನೆ ಕೇಳಿದರು: ಕೂಲಿಗೆ ಯಾರನ್ನಾದರೂ ಇಟ್ಟುಕೊಂಡಿದ್ದೀರಾ? ಇಲ್ಲ, ಮಗಳು ಅಖ್ತರಬೇಗಂಳನ್ನು ಸಿಂದಗಿಗೆ ಕೊಟ್ಟ ಮೇಲೆ ಮನೆಯಲ್ಲಿ ನಾವಿಬ್ಬರೇ ಎಂದ ದಾವಲಮಲಿಕ. ಹಾಗಾದರೆ ಗೆದ್ದಿರಿ ಎಂದರು ವಕೀಲರು. ಕೆಲಸಗಾರರಿಲ್ಲದ ಕಾರಖಾನೆ ಎಲ್ಲಿದೆ? ಗಂಡ ನೂಲಿನ ವ್ಯಾಪಾರಿ. ಹೆಂಡತಿ ಅಡಿಗೆಯ ಒಲೆಯಲ್ಲೇ ಬಿಡುವಾದಾಗ ನಾಲ್ಕು ಲಡಿ ಕುದಿಸುತ್ತಾಳೆ, ಕಸುಬು ತಿಳಿದವಳಲ್ಲ. ಹಪ್ಪಳ ಒಣಹಾಕುವ ಹೆಂಗಸು ಹಪ್ಪಳದ ಕಾರಖಾನೆ ನಡೆಸುತ್ತಾಳೆ ಅನ್ನಲಿಕ್ಕೆ ಆಗುತ್ತದೆಯೇ? ಮುನಸೀಫ ಕೋರ್ಟಿನಲ್ಲಿ ದಾವೆ ಹೂಡಿದರು. ತೀರ್ಪು ಬರುವವರೆಗೆ ನಳ ಮುಟ್ಟಬಾರದೆಂದು ತಡೆಯಾಜ್ಞೆಯೂ ಸಿಕ್ಕಿತು. ದಾವಲಮಲಿಕ ಪೇಟೆಯಿಂದ ಖಾರಾ ಚೂಡಾ ಕಟ್ಟಿಸಿಕೊಂಡು ಬಂದ.

ಕೈಯ ಬಣ್ಣದ ಮಾತು ಎತ್ತಿದವರೂ ಸಂಗಣ್ಣ ವಕೀಲರೇ. ಸಾಕ್ಷಿ ಹೇಳುವಾಗ ಜೈತುನಬಿಯ ಕೈ ಬೆಳ್ಳಗಿರಬೇಕು, ಉಗುರಿನ ಸಂದಿಯಲ್ಲೂ ಬಣ್ಣ ಕಾಣಬಾರದು. ತಾರೀಖು ಹತ್ತಿರ ಬಂದ ಹಾಗೆ ಅವಳು ಹಂಡೆ ಬೋರಲು ಹಾಕಿದಳು. ನಿಂಬೆಹಣ್ಣು ಹಚ್ಚಿ ತಿಕ್ಕಿದಳು, ಸೋಡಾ ನೀರಿನಲ್ಲಿ ನೆನೆಯಿಟ್ಟಳು. ಹಳೆಯ ಉಗುರು ಬೆಳೆದು ಕತ್ತರಿಸಿದ ಮೇಲೆ ಕೈ ಬೇರೆ ಯಾರದ್ದೋ ಆದವು. ರೊಟ್ಟಿ ಬಡಿಯುವಾಗ ಹಿಟ್ಟಿನ ಮೇಲೆ ಆ ಕೈ ಕಂಡು ಅವಳಿಗೆ ಸಂಕೋಚವಾಗುತ್ತಿತ್ತು. ಕೊಡ ತುಂಬಿಸಲು ಬಂದ ಶಂಕ್ರೆವ್ವ, ಸಾವುಕಾರ್ತಿ ಆದಿ ನೋಡು ಎಂದು ನಗೆಚಾಟಿಕೆ ಮಾಡಿದಳು.

ಮೊದಲ ಸಾಕ್ಷಿ ದಾವಲಮಲಿಕನದು. ಎರಡನೆಯ ಸಾಕ್ಷಿ ಒಳಗೆ ಇರುವಂತಿಲ್ಲವೆಂದು ಜೈತುನಬಿಯನ್ನು ಹೊರಗೆ ಪಡಸಾಲೆಯಲ್ಲಿ ಕೂಡಿಸಿದ್ದರು. ಅವಳು ಕೂತದ್ದು ಕಿಟಕಿಯ ಕೆಳಗೆ. ಒಳಗಿನ ಮಾತೆಲ್ಲ ಕೇಳುತ್ತಿತ್ತು. ದಾವಲಮಲಿಕ ಕಲಿತದ್ದನ್ನು ಒಂದೂ ಬಿಡದೆ ಹೇಳಿದ. ತಾನು ನೂಲಿನ ವ್ಯಾಪಾರಿ. ಹೆಂಡತಿಗೆ ಬಣ್ಣದ ಕೆಲಸ ತಿಳಿಯದು. ಒಲೆ ಹೊತ್ತಿಸುತ್ತಾಳೆ, ಅಷ್ಟೇ. ಒಲೆಯ ಮುಂದೆ ಅಷ್ಟು ಸಲ ತೊಡರಿದ್ದ ನಾಲಗೆ ಇಲ್ಲಿ ತೊಡರಲಿಲ್ಲ. ಜೈತುನಬಿಗೆ ಮೊದಲು ಸಮಾಧಾನವಾಯಿತು. ತಾನೇ ಕಲಿಸಿದ್ದಲ್ಲವೇ.

ಪುರಸಭೆಯ ಪರವಾಗಿ ಪಾಟಿಸವಾಲಿಗೆ ಎದ್ದವರು ಹಣಮಂತ್ರಾಯ ವಕೀಲರು. ವಯಸ್ಸಾದವರು. ಅವರ ಕರಿ ಕೋಟು ಮೊಳಕೈಯಲ್ಲಿ ಹಳದಿಗೆ ತಿರುಗಿತ್ತು. ಯಾರನ್ನೂ ಗದರಿಸದ ಮನುಷ್ಯ. ಅವರು ಚೀಲದಿಂದ ಒಂದು ಸೀರೆ ತೆಗೆದು ಕಟಕಟೆಯ ಮೇಲಿಟ್ಟರು. ಕರಿ ಚಂದ್ರಕಾಳಿ, ಕೆಂಪು ಸೆರಗು.

“ಇದು ನಮ್ಮವ್ವನ ಸೀರಿ,” ಎಂದರು. “ನಾಲತವಾಡದಾಗ ತಗೊಂಡಿದ್ದು. ಇದರ ನೂಲು ನಿಮ್ಮ ಮನ್ಯಾಗ ಕರಿ ಮಾಡಿಸಿದ್ದು ಅಂತ ನೇಯ್ದ ರೇವಣಪ್ಪ ಹೇಳ್ತಾನ. ಎಷ್ಟ ಸಲ ಒಗದ್ರೂ ಹಂಗ ಐತಿ. ಬಣ್ಣದ ಕೆಲಸ ತಿಳೀದವರು ಮಾಡಿದ್ದೇನು ಇದು?”

ಇದು ಒಲೆಯ ಮುಂದೆ ಕಲಿತ ಪ್ರಶ್ನೆಯಲ್ಲ. ಕಿಟಕಿಯ ಕೆಳಗೆ ಕೂತವಳು ಎದ್ದು ನಿಂತಳು. ದಾವಲಮಲಿಕ ಸೀರೆಯನ್ನು ಮುಟ್ಟಿಯೂ ನೋಡಲಿಲ್ಲ.

“ಅಲ್ರಿ,” ಎಂದ. “ಇದು ಸೊಲ್ಲಾಪುರದ ಕರಿ. ಅಲ್ಲಿಂದ ತಯಾರ ನೂಲು ತರಸಿ ಕೊಟ್ಟಿದ್ದೆ. ನಮ್ಮ ಮನ್ಯಾಗ ಇಂಥಾ ಕರಿ ಯಾರಿಗೆ ಬರತೈತ್ರಿ?”

ಆ ಸಂಜೆ ಅವನು ಬಹಳ ಖುಷಿಯಲ್ಲಿದ್ದ. ಸೊಲ್ಲಾಪುರ ಎಂಬ ಮಾತು ಬಾಯಿಗೆ ಹೇಗೆ ಬಂತೋ ತನಗೇ ಗೊತ್ತಿಲ್ಲ, ಸಂಗಣ್ಣ ವಕೀಲರು ಬೆನ್ನು ಚಪ್ಪರಿಸಿದರು ಎಂದ. ದಾರಿಯಲ್ಲಿ ಕಟ್ಟಿಸಿಕೊಂಡ ಬಿಸಿ ಭಜಿಯ ಪುಡಿಕೆ ಬಿಚ್ಚಿ ಅವಳ ಮುಂದಿಟ್ಟ. ಜೈತುನಬಿ ಒಂದು ಭಜಿ ತಿಂದಳು. ಉಳಿದದ್ದನ್ನು ಶಂಕ್ರೆವ್ವನ ಮನೆಗೆ ಕೊಟ್ಟು ಬಂದಳು.

ಅಬಿದಾ ಬೇರೆ ಎಲ್ಲ ಬಣ್ಣವನ್ನೂ ಸೊಸೆಗೆ ಬೇಗ ಕಲಿಸಿದ್ದಳು. ಕರಿಯನ್ನು ಮಾತ್ರ ಕಲಿಸಿರಲಿಲ್ಲ. ಹಾಸಿಗೆ ಹಿಡಿದ ಚಳಿಗಾಲದಲ್ಲಿ ಹೊರಸನ್ನು ಅಂಗಳಕ್ಕೆ ಹಾಕಿಸಿಕೊಂಡು, ಮಲಗಿದಲ್ಲಿಂದಲೇ ಹೇಳಿಕೊಟ್ಟಳು. ಮೊದಲು ನೀಲಿಯಲ್ಲಿ ಮುಳುಗಿಸಿ ಒಣಗಿಸಬೇಕು, ಮತ್ತೆ ಮುಳುಗಿಸಬೇಕು, ಆಮೇಲೆ ಅದರ ಮೇಲೆ ಕರಿ ಏರಿಸಬೇಕು. ಬರೀ ಕರಿ ಹಾಕಿದರೆ ವರ್ಷದಲ್ಲಿ ಬೂದಿಯಾಗುತ್ತದೆ. ಕರಿಯ ಒಂದು ಹಂಡೆಯೂ ಇಳಿಯುವ ಮೊದಲೇ ಅಬಿದಾ ಹೋಗಿಬಿಟ್ಟಳು. ಮಣ್ಣು ಮಾಡಿ ಬಂದ ಮೇಲೆ ಮನೆಯಲ್ಲಿ ರೇವಣಪ್ಪನ ನೂಲಿನ ಗಂಟು ಹಾಗೇ ಇತ್ತು. ಅವನು ಸಂಕ್ರಮಣಕ್ಕೆ ಸೀರೆ ನೇಯ್ದು ಕೊಡಬೇಕು, ನೂಲು ತಿರುಗಿ ಕೊಟ್ಟುಬಿಡೋಣ ಎಂದಿದ್ದ ದಾವಲಮಲಿಕ. ಬೇಡವೆಂದಳು ಜೈತುನಬಿ. ಒಬ್ಬಳೇ ಹಂಡೆ ಏರಿಸಿದಳು. ಹೊಗೆಗೋ ದುಃಖಕ್ಕೋ ಕಣ್ಣು ಸುರಿಯುತ್ತಿದ್ದವು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಲಡಿ ಒಣಗಿದ ದಿನ ರೇವಣಪ್ಪ ಬಂದು, ಹೆಬ್ಬೆಟ್ಟಿಗೆ ಉಗುಳು ಹಚ್ಚಿ ನೂಲು ತಿಕ್ಕಿ, ಆ ಬೆರಳನ್ನು ತನ್ನ ಬಿಳಿ ಧೋತರಕ್ಕೆ ಒತ್ತಿ ನೋಡಿದ. ಕಲೆ ಬೀಳಲಿಲ್ಲ. ನಿಮ್ಮವ್ವನ ಕೈ ಇನ್ನೂ ಮನೆಯಲ್ಲಿದೆ ಬಿಡು ಎಂದ. ಹೌದು ಎಂದ ದಾವಲಮಲಿಕ. ಬಾಗಿಲ ಮರೆಯಲ್ಲಿದ್ದವಳು ಆ ‘ಹೌದು’ ಎಂಬುದನ್ನು ಎಷ್ಟೋ ದಿನ ಕಟ್ಟಿಕೊಂಡು ತಿರುಗಿದ್ದಳು.

ಅವಳ ಸಾಕ್ಷಿಯ ದಿನ ಕೋರ್ಟಿನಲ್ಲಿ ಜನ ಹೆಚ್ಚಿರಲಿಲ್ಲ. ಮುನಸೀಫ ಸಾಹೇಬರು ಮೈಸೂರು ಕಡೆಯವರು, ಸಣ್ಣ ದನಿಯವರು. “ಹೆದರಬೇಡಿ ಅಮ್ಮ, ನಿಧಾನವಾಗಿ ಹೇಳಿ,” ಎಂದರು. ಹಾಗೆ ಯಾರೂ ಅವಳನ್ನು ಮಾತಾಡಿಸಿದ್ದಿಲ್ಲ. ಸಂಗಣ್ಣ ವಕೀಲರು ಕೇಳಿದ್ದಕ್ಕೆಲ್ಲ ಅವಳು ಕಲಿತ ಉತ್ತರವನ್ನೇ ಕೊಟ್ಟಳು. ಮನೆಗೆಲಸ ಮಾಡುತ್ತೇನೆ. ಬಣ್ಣದ್ದು ತಿಳಿಯದು. ಒಲೆ ಹೊತ್ತಿಸುತ್ತೇನೆ. ಬಿಳಿ ಕೈಗಳನ್ನು ವಕೀಲರು ಹೇಳಿದಂತೆ ಕಟಕಟೆಯ ಮರದ ಮೇಲೆ ಕಾಣುವ ಹಾಗೆ ಇಟ್ಟುಕೊಂಡಿದ್ದಳು. ಸಂಗಣ್ಣ ವಕೀಲರು ತೃಪ್ತಿಯಿಂದ ಕುಳಿತರು.

ಹಣಮಂತ್ರಾಯ ವಕೀಲರು ಆ ಸೀರೆಯನ್ನೇ ಅವಳ ಮುಂದೆ ಇಟ್ಟರು. ಅವರಿಗೂ ದೊಡ್ಡ ಆಸೆ ಇದ್ದಂತೆ ಕಾಣಲಿಲ್ಲ. ಕೇಳಬೇಕಾದ್ದನ್ನು ಕೇಳುವವರಂತೆ ಕೇಳಿದರು.

“ನೋಡ್ರಿ ಯವ್ವಾ. ಇದು ಸೊಲ್ಲಾಪುರದ ಕರಿ ಅಂತ ನಿಮ್ಮ ಯಜಮಾನ್ರು ಹೇಳ್ಯಾರ. ಹೌದೇನ್ರಿ?”

ಹೂಂ ಎಂದರೆ ಮುಗಿಯುತ್ತಿತ್ತು. ಗೊತ್ತಿಲ್ಲ ಎಂದರೂ ಮುಗಿಯುತ್ತಿತ್ತು. ಜೈತುನಬಿ ಸೀರೆಯ ಮೇಲೆ ಕೈ ಇಟ್ಟಳು. ನೂಲು ಮೆತ್ತಗಾಗಿತ್ತು, ಉಟ್ಟು ಉಟ್ಟು ಹಳೆಯ ಸೀರೆಗಳಿಗೆ ಬರುವ ಮೆತ್ತು. ಮಡಿಕೆ ಬಿಚ್ಚಿ ಅಂಚನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಕರಿಯ ಅಡಿಯಲ್ಲಿ, ನೋಡಬಲ್ಲವರಿಗೆ ಮಾತ್ರ ಕಾಣುವಷ್ಟು, ನೀಲಿ ಇತ್ತು. ಅಂಗಳದ ಹೊರಸು ನೆನಪಾಯಿತು, ಕೌದಿಯೊಳಗಿಂದ ಹೊರಗೆ ಚಾಚಿ, ಇನ್ನೂ ಒಮ್ಮೆ ಮುಳುಗಿಸು ಎಂದು ಬೆರಳಾಡಿಸುತ್ತಿದ್ದ ಅತ್ತೆಯ ಒಣಗಿದ ಕೈ ನೆನಪಾಯಿತು. ಹಿಂದಿನ ಬೆಂಚಿನಲ್ಲಿ ಕೂತ ದಾವಲಮಲಿಕ ಕೆಮ್ಮಿದ.

“ಅಲ್ರಿ,” ಎಂದಳು. “ಇದು ನಂದು.”

“ನಿಮ್ಮದು ಅಂದ್ರ?”

“ನಾ ಹಾಕಿದ್ದು. ನಮ್ಮ ಅತ್ತಿ ತೀರಿಕೊಂಡ ವರ್ಷ. ಕರಿ ಒಬ್ಬಾಕಿನ ಹಾಕಿದ್ದು ಆವಾಗ ಮೊದಲು.”

ಮುನಸೀಫ ಸಾಹೇಬರು ತಲೆಯೆತ್ತಿ ನೋಡಿ, ಮತ್ತೆ ತಗ್ಗಿಸಿ ಬರೆದುಕೊಂಡರು. ಸಂಗಣ್ಣ ವಕೀಲರು ಎದ್ದು, ನೀವು ಹೆದರಿ ಹೀಗೆ ಹೇಳುತ್ತಿದ್ದೀರಲ್ಲವೇ ಎಂದು ಕೇಳಿದರು. ಇಲ್ಲವೆಂದಳು. ಇಷ್ಟು ಹೊತ್ತು ಹೇಳಿದ್ದೇ ಹೆದರಿ ಹೇಳಿದ್ದು ಎಂಬುದನ್ನು ಅವಳು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಹಣಮಂತ್ರಾಯ ವಕೀಲರು ಇನ್ನೇನೂ ಪ್ರಶ್ನೆ ಇಲ್ಲವೆಂದು ಕೂತುಬಿಟ್ಟರು. ಅವರ ಮುಖ ಗೆದ್ದವರ ಮುಖದ ಹಾಗಿರಲಿಲ್ಲ. ಜೈತುನಬಿ ಸೀರೆಯನ್ನು ಹಳೆಯ ಮಡಿಕೆಯ ಮೇಲೆಯೇ ಮಡಚಿ, ಎರಡೂ ಕೈಯಿಂದ ಅವರಿಗೆ ತಿರುಗಿ ಕೊಟ್ಟಳು. ಅವರು ಎದ್ದು ನಿಂತು ತೆಗೆದುಕೊಂಡರು.

ದಾವಲಮಲಿಕ ಮನೆಯವರೆಗೆ ಹಿಂತಿರುಗಿ ನೋಡದೆ ನಡೆದ. ಪೇಟೆಯಲ್ಲಿ ಗುರುತಿನವರು ಮಾತಾಡಿಸಿದರೂ ನಿಲ್ಲಲಿಲ್ಲ. ಅಂದು ಉಣ್ಣಲಿಲ್ಲ. ಮರುದಿನ ಉಂಡ, ಮಾತಾಡಲಿಲ್ಲ. ಅವಳು ಹಂಡೆಯನ್ನು ಮತ್ತೆ ಒಲೆಯ ಮೇಲಿಟ್ಟಳು. ಅವನು ಸೌದೆ ಒಡೆದು ಹಾಕಿದ. ಒಡೆಯುವಾಗ ಬೇಕಾದ್ದಕ್ಕಿಂತ ಹೆಚ್ಚು ಜೋರಾಗಿ ಒಡೆದ. ಹೀಗೇ ಎಷ್ಟೋ ದಿನ ಕಳೆದವು. ಒಂದು ಮಧ್ಯಾಹ್ನ, ಅವಳು ರೊಟ್ಟಿ ಬಡಿಯುತ್ತಿದ್ದಾಗ ಹೊಸ್ತಿಲಲ್ಲಿ ಬಂದು ನಿಂತ.

“ಗೊತ್ತಿಲ್ಲ ಅಂತ ಒಂದು ಮಾತು ಅಂದಿದ್ರ ಸಾಕಾಗಿತ್ತು,” ಎಂದ.

ಅವಳು ತಟ್ಟೆಯ ಮೇಲಿನ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿದಳು.

“ಮನಿಗೆಲಸದಾಕಿ ಅನ್ನು ಅಂದ್ರಿ, ಅಂದೆ. ಏನೂ ತಿಳೀದಾಕಿ ಅನ್ನು ಅಂದ್ರಿ, ಅದನ್ನೂ ಅಂದೆ. ನೀವೂ ಅಲ್ಲ ಅಂದು, ನಾನೂ ಅಲ್ಲ ಅಂದಬಿಟ್ರ, ಆ ಬಣ್ಣ ಹಾಕಿದವರು ಯಾರೂ ಇಲ್ಲಧಂಗ ಆಗ್ತಿತ್ತಲ್ರಿ.”

ರೊಟ್ಟಿ ಉಬ್ಬಿ ಇಳಿಯಿತು. ಆಮೇಲೆ ಅವನು ಹೊರಗೆ ಕಟ್ಟೆಗೆ ಹೋಗಿ ಕೂತ.

ಬೇಸಿಗೆ ಮುಗಿಯುವ ಹೊತ್ತಿಗೆ ತೀರ್ಪು ಬಂತು. ದಾವೆ ವಜಾ. ಇಂಗ್ಲಿಷಿನಲ್ಲಿದ್ದದ್ದನ್ನು ಸಂಗಣ್ಣ ವಕೀಲರು ಬಿಡಿಸಿ ಹೇಳಿದರು: ಎರಡನೆಯ ಸಾಕ್ಷಿ ನುರಿತ ಕೆಲಸಗಾರ್ತಿ, ಅವಳ ಕೈಯಿಂದ ನಡೆಯುವುದು ಮನೆಗೆಲಸವಲ್ಲ, ಉದ್ಯಮ. ಪುರಸಭೆ ಕೇಳಿದ ದರ ನ್ಯಾಯವಾದದ್ದು. ದಾವಲಮಲಿಕ ಆ ವಾಕ್ಯವನ್ನು ಇನ್ನೊಮ್ಮೆ ಹೇಳಿಸಿಕೊಂಡ. ನುರಿತ ಎಂದರೆ ಏನು ಎಂದು ಕೇಳಿದ. ಪಳಗಿದ ಕೈ ಎಂದರು ವಕೀಲರು.

ಸಂಗಣ್ಣ ವಕೀಲರು ಕೈ ಬಿಡುವವರಲ್ಲ. ವಿಜಾಪುರದಲ್ಲಿ ಅಪೀಲು ಹಾಕೋಣ, ದಾರಿಯಿದೆ ಎಂದರು. ಹೆಂಗಸು ಓದಿದವಳಲ್ಲ, ಕೋರ್ಟು ಕಂಡವಳಲ್ಲ, ಸೀರೆ ಕಂಡು ಗಾಬರಿಬಿದ್ದು ಏನೋ ಹೇಳಿದಳು, ಅವಳಿಗೆ ಬಣ್ಣದ್ದೇನೂ ತಿಳಿಯದು ಎಂದು ಗಂಡ ಪ್ರಮಾಣ ಮಾಡಿ ಬರೆದುಕೊಟ್ಟರೆ ಸಾಕು. ಕಾಗದ ತಯಾರಿತ್ತು. ಸಹಿ ಮಾಡುವ ಜಾಗದಲ್ಲಿ ಗುಮಾಸ್ತ ಪೆನ್ಸಿಲಿನಿಂದ ಗುರುತು ಹಾಕಿಟ್ಟಿದ್ದ. ದಾವಲಮಲಿಕ ಪೆನ್ನು ತೆಗೆದುಕೊಂಡ, ಕಾಗದದ ಮೇಲೆ ಬಾಗಿದ, ಮತ್ತೆ ಪೆನ್ನನ್ನು ಮೇಜಿನ ಮೇಲೆ ಇಟ್ಟ.

“ಬ್ಯಾಡ್ರಿ ವಕೀಲಸಾಬ,” ಎಂದ. “ಆಕಿಗೆ ತಿಳೀದು ಅಂತ ಒಮ್ಮೆ ಹೇಳೇನಿ. ಇನ್ನೊಮ್ಮೆ ಹೇಳೂದಿಲ್ಲ.”

ಈ ಮಾತು ಜೈತುನಬಿಗೆ ಗೊತ್ತಾದದ್ದು ಬಹಳ ವರ್ಷಗಳ ಮೇಲೆ, ಗಂಡ ತೀರಿಕೊಂಡಾಗ ಮಯ್ಯತಿಗೆ ಬಂದ ಸಂಗಣ್ಣ ವಕೀಲರ ಬಾಯಿಂದ. ಸಹಿ ಮಾಡದೆ ಆವತ್ತು ಮನೆಗೆ ಬಂದ ದಾವಲಮಲಿಕ ಅವಳಿಗೆ ಹೇಳಿದ್ದು ಅಪೀಲು ಇಲ್ಲ ಎಂಬುದಷ್ಟನ್ನೇ. ಚಹಾ ಮಾಡು ಎಂದ. ಕುಡಿಯುತ್ತಾ, ಕಟ್ಟೆಗೆ ಹೋಗದೆ, ಅಂಗಳದಲ್ಲಿ ಅವಳ ಎದುರಿಗೇ ಕೂತ.

ನಳದವರು ಬಂದು ಕೊಳವೆಯ ಬಾಯಿಗೆ ಕಟ್ಟಿಗೆಯ ಬೆಣೆ ಬಡಿದು ಹೋದರು. ಹೆಚ್ಚಿನ ದರ ಕಟ್ಟಿ ಬಣ್ಣ ಹಾಕುವುದು ಆಗದ ಮಾತು. ಬಣ್ಣ ಹಾಕದೆ ಮನೆದರ ಕೇಳಿ ನಳ ಉಳಿಸಿಕೊಳ್ಳುವುದು ಜೈತುನಬಿಗೆ ಬೇಡವಾಗಿತ್ತು. ಮರುದಿನ ಬೆಳಿಗ್ಗೆ ಶಂಕ್ರೆವ್ವ ರೂಢಿಯ ಮೇಲೆ ಕೊಡ ಹಿಡಿದು ಬಂದು, ಬೆಣೆ ನೋಡಿ ನಿಂತಳು. “ಒಂದು ಸುಳ್ಳಾಡಿದ್ರ ಏನು ಹೋಗ್ತಿತ್ತ ಯಕ್ಕಾ, ಓಣಿಗೆ ನೀರರ ಉಳೀತಿತ್ತು,” ಎಂದಳು. ಬೈದಂತಿರಲಿಲ್ಲ, ಬೇಸರಪಟ್ಟಂತಿತ್ತು. ಅಂದದ್ದು ನಿಜವೇ ಆಗಿತ್ತು. ಶಂಕ್ರೆವ್ವ ತನ್ನ ಕೊಡದ ಜೊತೆ ಅವಳ ಕೊಡವನ್ನೂ ಎತ್ತಿಕೊಂಡು, ನಡಿ, ಚೌಕದ ನಳಕ್ಕೆ ಹೋಗೋಣ ಎಂದಳು. ಮಾತು ಅಂದಿನಿಂದ ದಾರಿಯುದ್ದಕ್ಕೂ ನಡೆಯಿತು, ಹೋಗುತ್ತ ಒಂದಿಷ್ಟು, ಬರುತ್ತ ಒಂದಿಷ್ಟು.

ಆ ವರ್ಷ ಮುಂಗಾರು ಚೆನ್ನಾಗಿ ಆಯಿತು. ಊರ ಹೊರಗಿನ ಹಳ್ಳ ಹರಿಯಿತು. ಮಳೆಯ ನೀರು ಮೆತ್ತಗಿರುತ್ತದೆ, ಬಣ್ಣಕ್ಕೆ ಒಳ್ಳೆಯದು ಎಂದಳು ಜೈತುನಬಿ. ರೇವಣಪ್ಪ ಮತ್ತೆ ನೂಲಿನ ಗಂಟು ತಂದ. ಕರಿ ಬೇಕು ಎಂದು ಎಂದಿನಂತೆ ಕಟ್ಟೆಯ ಮೇಲೆ ಕೂತು ದಾವಲಮಲಿಕನಿಗೆ ಹೇಳಿದ. ಆಗುತ್ತದೋ ಇಲ್ಲವೋ ಒಳಗೆ ಕೇಳು ಎಂದ ದಾವಲಮಲಿಕ. ಕೇಳಲು ಇನ್ನೊಬ್ಬರ ಮನೆಯ ಹೊಸ್ತಿಲು ದಾಟಬೇಕೋ ಬೇಡವೋ ತಿಳಿಯದೆ ರೇವಣಪ್ಪ ಎದ್ದು ನಿಂತ. ಆಗ ಜೈತುನಬಿಯೇ ಸೆರಗು ತಲೆಯ ಮೇಲೆ ಎಳೆದುಕೊಂಡು ಹೊರಗೆ ಬಂದು, ಎಂದಿಗೆ ಬೇಕು ಎಂದು ಕೇಳಿದಳು.

ಅಂಗಳದಲ್ಲಿ ಹಂಡೆಯಿಂದ ಇಳಿದ ಲಡಿಗಳನ್ನು ಹಸಿಯಾಗಿರುವಾಗಲೇ ಬುಟ್ಟಿಗೆ ತುಂಬಿ, ಬಾಡಿಗೆಯ ಬಂಡಿಯಲ್ಲಿ ಹಳ್ಳಕ್ಕೆ ಒಯ್ದರು. ಬೆಳಗಿನ ಬಿಸಿಲು ಇನ್ನೂ ಎಳೆಯದಿತ್ತು. ಹೊಲಗಳಲ್ಲಿ ತೊಗರಿ ಗೇಣುದ್ದ ಎದ್ದಿತ್ತು. ಜೈತುನಬಿ ಮೊಳಕಾಲವರೆಗೆ ನೀರಿಗಿಳಿದು ಲಡಿ ಜಾಲಿಸತೊಡಗಿದಳು. ಒಬ್ಬಳೇ ಹಿಂಡುತ್ತಿದ್ದದ್ದು ಮನೆಯಲ್ಲಿ, ಗೋಡೆಗೆ ಹೊಡೆದ ಗೂಟಕ್ಕೆ ಸಿಕ್ಕಿಸಿ. ಇಲ್ಲಿ ಗೂಟ ಎಲ್ಲಿ ಬರಬೇಕು? ದಂಡೆಯಲ್ಲಿ ನಿಂತು ನೋಡುತ್ತಿದ್ದ ದಾವಲಮಲಿಕ ಚಪ್ಪಲಿ ಬಿಟ್ಟು, ಲುಂಗಿ ಮೇಲೆ ಕಟ್ಟಿಕೊಂಡು ನೀರಿಗಿಳಿದ. ಲಡಿಯ ಇನ್ನೊಂದು ತುದಿ ಹಿಡಿದ.

“ಯಾವ ಕಡೆ ತಿರುವಲಿ?” ಎಂದು ಕೇಳಿದ.

“ನಿಮ್ಮ ಬಲಕ್ಕ,” ಎಂದಳು. “ಜಗ್ಗಬ್ಯಾಡ್ರಿ. ಹಿಡದಷ್ಟ ಹಿಡೀರಿ.”

ಅವನು ತನ್ನ ಬಲಕ್ಕೆ ತಿರುವಿದ, ಅವಳು ತನ್ನ ಬಲಕ್ಕೆ. ಲಡಿ ಹುರಿಗೊಂಡು ಇಬ್ಬರ ನಡುವೆ ಬಿಗಿಯಿತು. ಕರಿ ನೀರು ಧಾರೆಯಾಗಿ ಇಳಿದು ಹಳ್ಳದ ಜೊತೆ ಹೊರಟಿತು. ಕೆಳಗೆ ತಿರುವಿನಲ್ಲಿ ಒಬ್ಬ ಎತ್ತುಗಳ ಮೈ ತೊಳೆಯುತ್ತಿದ್ದ. ಬಣ್ಣ ಬರುವುದನ್ನು ಕಂಡು ಅವನು ಎತ್ತುಗಳನ್ನು ದಂಡೆಗೆ ಹೊಡೆದುಕೊಂಡು, ಒಂದು ಕಲ್ಲಿನ ಮೇಲೆ ಕೂತು, ಬೀಡಿ ಹಚ್ಚಿಕೊಂಡು, ನೀರು ತಿಳಿಯಾಗುವುದನ್ನು ಕಾಯತೊಡಗಿದ.